ನಾಯಿಯ ತುರಿಕೆಗೆ ಮದ್ದು ಹಾಕುವ ಮೊದಲು

ನಾಯಿ ಮೈ ಕೆರೆದುಕೊಳ್ಳುತ್ತಿದೆ ಎಂದು ಔಷಧ ಅಂಗಡಿಯಲ್ಲಿ ಹೇಳಿದರೆ ಸಾಕು, ಹುಬ್ಬಳ್ಳಿಯಾಗಲಿ ಹಾವೇರಿಯಾಗಲಿ, ಒಂದು ಟ್ಯೂಬು ಕೈಗೆ ಬರುತ್ತದೆ. ಮನುಷ್ಯರ ಹುಳುಕಡ್ಡಿಗೆ ಕೊಡುವ ಅದೇ ಮುಲಾಮು. ಅದರಲ್ಲಿ ಸಾಮಾನ್ಯವಾಗಿ ಒಂದು ಬಲವಾದ ಸ್ಟೀರಾಯ್ಡ್, ಒಂದು ಶಿಲೀಂಧ್ರನಾಶಕ, ಒಂದು ಆ್ಯಂಟಿಬಯಾಟಿಕ್ ಮೂರೂ ಸೇರಿರುತ್ತವೆ. ರೋಗ ಯಾವುದೇ ಇರಲಿ, ಮೂರರಲ್ಲಿ ಒಂದಕ್ಕಾದರೂ ಬಗ್ಗೀತು ಎಂಬ ಲೆಕ್ಕ. ಹಚ್ಚಿದ ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ಕೆರೆತ ಕಡಿಮೆಯಾಗುತ್ತದೆ, ಮನೆಯವರು ನಿರಾಳರಾಗುತ್ತಾರೆ. ಕೆಲವು ವಾರ ಕಳೆಯುವಷ್ಟರಲ್ಲಿ ಕೂದಲು ಉದುರಿದ ಜಾಗ ರೂಪಾಯಿಯಷ್ಟಿದ್ದದ್ದು ಅಂಗೈಯಷ್ಟಾಗಿರುತ್ತದೆ.

ಇದರಲ್ಲಿ ಆಶ್ಚರ್ಯವೇನಿಲ್ಲ. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ. ಅದರ ಜೊತೆಗೇ ಆ ಜಾಗದ ರೋಗನಿರೋಧಕ ಶಕ್ತಿಯನ್ನೂ ಅಡಗಿಸುತ್ತದೆ. ಕಾರಣ ಹುಳವಾಗಿದ್ದರೆ ಅದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ಮೇಲಾಗಿ ನಾಯಿ ತನ್ನ ಮೈಗೆ ಹಚ್ಚಿದ್ದೆಲ್ಲವನ್ನೂ ನೆಕ್ಕುತ್ತದೆ, ಅಂದರೆ ಹಚ್ಚುವ ಮದ್ದು ಅದರ ಪಾಲಿಗೆ ತಿನ್ನುವ ಮದ್ದೂ ಹೌದು. ಮನುಷ್ಯರ ಚರ್ಮದ ಮುಲಾಮುಗಳಲ್ಲಿ ಕೆಲವಂತೂ ನಾಯಿಗೆ ಪ್ರಾಣಾಂತಕ. ಸೋರಿಯಾಸಿಸ್‌ಗೆ ಬಳಸುವ ಕ್ಯಾಲ್ಸಿಪೊಟ್ರಿಯಾಲ್, ಚರ್ಮದ ಕೆಲವು ಗಡ್ಡೆಗಳಿಗೆ ಹಚ್ಚುವ ಫ್ಲೂರೊಯುರಾಸಿಲ್, ಇವೆರಡರ ಟ್ಯೂಬನ್ನು ನಾಯಿ ಕಚ್ಚಿ ಹರಿದರೂ ಜೀವಕ್ಕೆ ಅಪಾಯ. ಅಜ್ಜನ ಮುಲಾಮಿನ ಡಬ್ಬಿಯನ್ನು ಅಟ್ಟದ ಮೇಲಿಡುವುದು ಒಳ್ಳೆಯದು.

ನಾಯಿಯ ಚರ್ಮ ನೋಡಲು ಗಟ್ಟಿ. ಆದರೆ ಅದರ ಹೊರಪದರ ನಮ್ಮದಕ್ಕಿಂತ ತೆಳುವು. ನಮ್ಮ ಹೊರಚರ್ಮದಲ್ಲಿ ಹತ್ತರಿಂದ ಹದಿನೈದು ಪದರ ಜೀವಕೋಶಗಳಿದ್ದರೆ, ನಾಯಿಯ ಕೂದಲಿರುವ ಭಾಗದಲ್ಲಿ ಮೂರರಿಂದ ಐದು. ನಮ್ಮ ಚರ್ಮ ತುಸು ಆಮ್ಲೀಯ, ಅದರದು ತಟಸ್ಥಕ್ಕೆ ಹತ್ತಿರ. ಹೀಗಾಗಿ ಸೂಕ್ಷ್ಮಜೀವಿಗಳು ಬೇರೂರುವುದು ಅಲ್ಲಿ ಸುಲಭ. ಸ್ಟ್ಯಾಫಿಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾ ಮತ್ತು ಮಲಾಸೀಜಿಯಾ ಎಂಬ ಯೀಸ್ಟ್ ಆರೋಗ್ಯವಂತ ನಾಯಿಯ ಮೈಮೇಲೂ ಇರುತ್ತವೆ. ಚರ್ಮ ಸರಿಯಿರುವವರೆಗೆ ಇವು ತೆಪ್ಪಗಿರುತ್ತವೆ. ಚಿಗಟ ಕಚ್ಚಿತು, ಅಲರ್ಜಿಯಾಯಿತು, ಕೆರೆದು ಗಾಯವಾಯಿತು ಎಂದರೆ ಇವು ದಿಢೀರನೆ ಹೆಚ್ಚುತ್ತವೆ, ಹೆಚ್ಚಿ ತಾವೂ ತುರಿಕೆ ಎಬ್ಬಿಸುತ್ತವೆ.

ಆದ್ದರಿಂದ ಚರ್ಮದ ತೊಂದರೆ ಬಹುಪಾಲು ಎರಡು ಅಂತಸ್ತಿನದು. ಕೆಳಗೆ ಮೂಲ ಕಾರಣ, ಮೇಲೆ ಬಂದು ಕೂತ ಸೋಂಕು. ನಮ್ಮ ಕಣ್ಣಿಗೆ ಬೀಳುವುದು ಮೇಲಿನದು ಮಾತ್ರ: ಕೀವುಗುಳ್ಳೆ, ಹಕ್ಕಳೆ, ವಾಸನೆ. ಅದಕ್ಕಷ್ಟೇ ಔಷಧ ಕೊಟ್ಟರೆ ಕೊಡುವವರೆಗೆ ಗುಣ, ನಿಲ್ಲಿಸಿದ ಮೇಲೆ ಮತ್ತೆ ಅದೇ. ಅನುಭವವಿರುವ ಪಶುವೈದ್ಯರು ಇದಕ್ಕೆ ಒಂದು ಕ್ರಮ ಇಟ್ಟುಕೊಂಡಿರುತ್ತಾರೆ. ಮೊದಲು ಹುಳ-ಹುಪ್ಪಟೆಯನ್ನು ಪಕ್ಕಾ ತೊಲಗಿಸುವುದು, ಆಮೇಲೆ ಸೋಂಕನ್ನು ಇಳಿಸುವುದು, ಇಷ್ಟಾದರೂ ಕೆರೆತ ಉಳಿದರೆ ಅಲರ್ಜಿಯ ಬೆನ್ನು ಹತ್ತುವುದು. ಹಿಂದುಮುಂದಾದರೆ ದುಡ್ಡೂ ಹೋಗುತ್ತದೆ, ಕೂದಲೂ ಹೋಗುತ್ತದೆ.

ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ಮನೆಯವರು ಉತ್ತರ ಸಿದ್ಧವಿಟ್ಟುಕೊಂಡಿದ್ದರೆ ಅರ್ಧ ಕೆಲಸ ಮುಗಿಯಿತು. ಮೊದಲು ಬಂದದ್ದು ಕೆರೆತವೋ, ಕೂದಲು ಉದುರುವುದೋ? ಕೆರೆದು ಕೆರೆದು ಕೂದಲು ಹೋಗಿದ್ದರೆ ಒಂದು ದಾರಿ; ಕೆರೆಯದೆಯೇ ಸದ್ದಿಲ್ಲದೆ ಉದುರಿದ್ದರೆ ಬೇರೆ ದಾರಿ. ಎರಡನೆಯದು, ಎಲ್ಲಿ? ಬಾಲದ ಬುಡ ಮತ್ತು ಸೊಂಟದ ಮೇಲ್ಭಾಗವಾದರೆ ಚಿಗಟದ ಮೇಲೆ ಅನುಮಾನ. ಕಿವಿಯ ಅಂಚು, ಮೊಣಕೈಯಾದರೆ ಕಜ್ಜಿಹುಳ. ಪಾದ, ಮುಖ, ಕಂಕುಳು, ಹೊಟ್ಟೆ, ಜೊತೆಗೆ ಪದೇ ಪದೇ ಕಿವಿ ಸೋರುವುದಾದರೆ ಅಲರ್ಜಿ. ಇದು ಶಾಸನವಲ್ಲ, ಆದರೆ ಎಲ್ಲಿಂದ ಹುಡುಕಬೇಕು ಎಂಬುದನ್ನಂತೂ ತಿಳಿಸುತ್ತದೆ.

ಚಿಗಟ ಕಣ್ಣಿಗೆ ಬೀಳದಿದ್ದರೂ ಅದರ ಹಿಕ್ಕೆ ಸಿಗುತ್ತದೆ. ನಾಯಿಯನ್ನು ಬಿಳಿ ಕಾಗದದ ಮೇಲೆ ನಿಲ್ಲಿಸಿ ಸೊಂಟದ ಕೂದಲನ್ನು ಬಾಚಿದರೆ ಕರಿಯ ಪುಡಿ ಉದುರುತ್ತದೆ. ಅದಕ್ಕೆ ಎರಡು ಹನಿ ನೀರು ಹಾಕಿ. ಕೆಂಗಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಜೀರ್ಣವಾದ ರಕ್ತ. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಬೆರಳೆಣಿಕೆಯ ಕಡಿತ ಸಾಕು, ದಿನಗಟ್ಟಲೆ ಬೆನ್ನು ಕಚ್ಚಿಕೊಳ್ಳುತ್ತದೆ. "ನಮ್ಮ ನಾಯಿಗೆ ಒಂದೂ ಚಿಗಟ ಇಲ್ಲ" ಎಂದು ಮನೆಯವರು ಖಚಿತವಾಗಿ ಹೇಳುವುದು ಇಂಥ ನಾಯಿಗಳ ವಿಷಯದಲ್ಲೇ. ಅದು ಇಡೀ ಹೊತ್ತು ಕಚ್ಚಿಕೊಳ್ಳುವಾಗ ಚಿಗಟಗಳನ್ನು ನುಂಗಿಬಿಟ್ಟಿರುತ್ತದೆ.

ಉಣ್ಣಿಯದು ಇನ್ನೂ ದೊಡ್ಡ ಕಥೆ. ನಮ್ಮ ಕಡೆ ನಾಯಿಗಳಿಗೆ ಹತ್ತುವುದು ಹೆಚ್ಚಾಗಿ ಕಂದು ನಾಯಿ ಉಣ್ಣಿ. ದನದ ಉಣ್ಣಿಯಂತೆ ಒಂದೇ ಪ್ರಾಣಿಯ ಮೈಮೇಲೆ ಬೆಳೆದು ಮುಗಿಸುವ ಜಾತಿಯಲ್ಲ ಇದು. ಮರಿಯಾಗಿದ್ದಾಗ ಒಮ್ಮೆ ರಕ್ತ ಕುಡಿದು ಕೆಳಗೆ ಬೀಳುತ್ತದೆ, ಪೊರೆ ಬಿಟ್ಟು ಮತ್ತೆ ಹತ್ತುತ್ತದೆ, ಮತ್ತೆ ಬೀಳುತ್ತದೆ, ದೊಡ್ಡದಾದ ಮೇಲೆ ಮೂರನೆಯ ಬಾರಿ ಹತ್ತುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಕೆಳಗಿಳಿದು ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಗೋಡೆ ಹತ್ತುವುದು ಅದರ ಸ್ವಭಾವ. ಧಾರವಾಡದ ಹಳೆಯ ಮಣ್ಣಿನ ಗೋಡೆಯ ಮನೆ, ತೊಲೆಗಳ ಸಂದು, ಶಹಾಬಾದ್ ಕಲ್ಲು ಹಾಸಿದ ಪಡಸಾಲೆಯ ಬಿರುಕು, ಹಿತ್ತಲಿನ ಕಟ್ಟಿಗೆ ರಾಶಿ ಇವೆಲ್ಲ ಅದಕ್ಕೆ ಹೇಳಿ ಮಾಡಿಸಿದಂತಿವೆ. ಆಹಾರವಿಲ್ಲದೆ ತಿಂಗಳುಗಟ್ಟಲೆ ಅಲ್ಲಿ ಕಾಯಬಲ್ಲದು. ಹೀಗಾಗಿ ನಾಯಿಗೆ ಮಾತ್ರ ಔಷಧ ಹಾಕಿ ಮನೆಯನ್ನು ಬಿಟ್ಟರೆ ಉಣ್ಣಿ ಮುಗಿಯುವುದಿಲ್ಲ. ಗೋಡೆಯ ಬಿರುಕಿಗೆ ಸಿಮೆಂಟು ಅಥವಾ ಸುಣ್ಣ ತುಂಬುವುದು, ನಾಯಿ ಮಲಗುವ ಗೋಣಿಚೀಲವನ್ನು ಕುದಿನೀರಿಗೆ ಹಾಕುವುದು, ಸಂದುಗಳಿಗೆ ಕೀಟನಾಶಕ ಸಿಂಪಡಿಸುವಾಗ ನಾಯಿಯನ್ನೂ ಮಕ್ಕಳನ್ನೂ ಹೊರಗಿಟ್ಟು ಒಣಗಿದ ಮೇಲೆ ಒಳಗೆ ಬಿಡುವುದು, ಇದೆಲ್ಲ ಚಿಕಿತ್ಸೆಯ ಭಾಗವೇ.

ಉಣ್ಣಿಯಿಂದ ಚರ್ಮಕ್ಕೆ ಆಗುವ ಕೇಡು ಅಲ್ಪ. ನಿಜವಾದ ಕೇಡು ರಕ್ತಕ್ಕೆ. ಎರ್ಲಿಕಿಯಾ, ಬಬೀಸಿಯಾ ಎಂಬ ರೋಗಾಣುಗಳನ್ನು ಅದು ಹರಡುತ್ತದೆ. ಉಣ್ಣಿ ಹತ್ತಿದ ನಾಯಿ ಊಟ ಬಿಟ್ಟಿತು, ಜ್ವರ ಬಂತು, ಒಸಡು ಬಿಳಿಚಿತು, ಮೂಗಿನಿಂದ ರಕ್ತ ಬಂತು ಎಂದರೆ ಚರ್ಮದ ವಿಚಾರ ಬದಿಗಿಟ್ಟು ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ಹತ್ತಿದ ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಕಡ್ಡಿ ಗೀರಿ ಸುಡಬೇಡಿ, ಸೀಮೆಎಣ್ಣೆ ಸುರಿಯಬೇಡಿ.

ಕಳೆದ ಹತ್ತು ವರ್ಷಗಳಲ್ಲಿ ಈ ಇಡೀ ಕೆಲಸವನ್ನು ಸುಲಭ ಮಾಡಿದ್ದು ಐಸೊಕ್ಸಜೋಲಿನ್ ಗುಂಪಿನ ಅಗಿಯುವ ಮಾತ್ರೆಗಳು: ಅಫೊಕ್ಸೊಲಾನರ್, ಸರೊಲಾನರ್, ಫ್ಲುರಲಾನರ್. ಮೊದಲೆರಡರ ಪ್ರಭಾವ ಒಂದು ತಿಂಗಳು, ಮೂರನೆಯದರದು ಸುಮಾರು ಹನ್ನೆರಡು ವಾರ. ಚಿಗಟ, ಉಣ್ಣಿ ಮಾತ್ರವಲ್ಲ, ಮುಂದೆ ಹೇಳುವ ಎರಡೂ ಬಗೆಯ ಕಜ್ಜಿಹುಳಗಳ ಮೇಲೂ ಇವು ಕೆಲಸ ಮಾಡುತ್ತವೆ. ಬೆಲೆ ಕೇಳಿದರೆ ಬೆಚ್ಚುವಂತಿದೆ ನಿಜ, ಆದರೆ ತಿಂಗಳಿಗೊಮ್ಮೆ ಸಾಬೂನು, ಪೌಡರು, ಬೆಲ್ಟು ಎಂದು ಸುರಿಯುವ ದುಡ್ಡಿನ ಮುಂದೆ ನನಗೆ ಇದೇ ಅಗ್ಗವೆನಿಸುತ್ತದೆ. ಒಂದು ಎಚ್ಚರಿಕೆ ಇದೆ. ಕೆಲವು ನಾಯಿಗಳಲ್ಲಿ ಇವು ಸೆಳೆತ ತರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಸೂಚನೆ ಹೊರಡಿಸಿತು. ನಿಮ್ಮ ನಾಯಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಒಂದೇ ಮಾತ್ರೆ ಕೊಟ್ಟು ಸುಮ್ಮನಾಗುವುದೂ ಸಾಲದು. ಚಿಗಟದ ಮೊಟ್ಟೆ, ಮರಿ, ಕೋಶಗಳ ಬಹುಪಾಲು ನಾಯಿಯ ಮೈಮೇಲಲ್ಲ, ಮನೆಯಲ್ಲಿರುತ್ತದೆ. ಅವು ಒಂದೊಂದಾಗಿ ಹೊರಬಂದು ಸಾಯುವವರೆಗೆ, ಕನಿಷ್ಠ ಮೂರು ತಿಂಗಳು, ಬಿಡದೆ ನಡೆಸಬೇಕು.

ಈಗ ಕಜ್ಜಿ. ಇದರಲ್ಲಿ ಎರಡು ಬಗೆ, ಎರಡಕ್ಕೂ ಅಜಗಜಾಂತರ. ಸಾರ್ಕಾಪ್ಟಿಸ್ ಹುಳ ಚರ್ಮದೊಳಗೆ ಸುರಂಗ ಕೊರೆಯುತ್ತದೆ. ನಾಯಿಗೆ ನಿದ್ದೆ ಇಲ್ಲದಷ್ಟು ತುರಿಕೆ, ಕಿವಿಯಂಚಿನಲ್ಲಿ ಹೊಟ್ಟು. ಕಿವಿಯ ತುದಿಯನ್ನು ಮಡಚಿ ಉಜ್ಜಿದರೆ ಹಿಂಗಾಲು ತಾನಾಗಿ ಕೆರೆಯುವಂತೆ ಆಡುವುದು ಇದರ ಒಂದು ಗುರುತು. ಬೀದಿನಾಯಿಗಳ ಜೊತೆ ಒಡನಾಟವಿದ್ದರೆ ಸುಲಭವಾಗಿ ಅಂಟುತ್ತದೆ. ಮನೆಯವರ ತೋಳು, ಹೊಟ್ಟೆಯ ಮೇಲೂ ಕೆಂಪು ಗುಳ್ಳೆ ಎಬ್ಬಿಸುತ್ತದೆ. ನಮ್ಮ ಮೈಮೇಲೆ ಆ ಹುಳ ಸಂತಾನ ಬೆಳೆಸಲಾರದ್ದರಿಂದ, ನಾಯಿ ಗುಣವಾದರೆ ಅದೂ ಮಾಯುತ್ತದೆ. ಇದರಲ್ಲಿ ಚರ್ಮ ಕೆರೆದು ನೋಡಿದರೂ ಹುಳ ಸಿಗದೆ ಹೋಗುವುದು ಸಾಮಾನ್ಯ. ಅನುಮಾನ ಬಲವಾಗಿದ್ದರೆ ವೈದ್ಯರು ಹುಳ ಕಾಣದಿದ್ದರೂ ಚಿಕಿತ್ಸೆ ಆರಂಭಿಸುತ್ತಾರೆ, ಮನೆಯ ಉಳಿದ ನಾಯಿಗಳಿಗೂ ಸೇರಿಸಿ.

ಡೆಮೊಡೆಕ್ಸ್ ಹಾಗಲ್ಲ. ಅದು ಕೂದಲಿನ ಬುಡದಲ್ಲಿ ವಾಸಿಸುವ, ಉದ್ದನೆಯ ಸಣ್ಣ ಹುಳ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯ ಮೊಲೆ ಚೀಪುವಾಗ ಮರಿಗೆ ಬರುತ್ತದೆ. ಬಹುತೇಕ ಎಲ್ಲ ನಾಯಿಗಳಲ್ಲೂ ಕೆಲವು ಇದ್ದೇ ಇರುತ್ತವೆ. ರೋಗನಿರೋಧಕ ಶಕ್ತಿ ಕುಂದಿದಾಗ ಮಾತ್ರ ಮಿತಿಮೀರುತ್ತವೆ. ಮರಿಯ ಕಣ್ಣಿನ ಸುತ್ತ, ಮುಂಗಾಲಿನ ಮೇಲೆ ಒಂದೆರಡು ಬೋಳು ಚಿಕ್ಕೆ ಕಂಡರೆ ಗಾಬರಿ ಬೇಡ, ಬಹಳಷ್ಟು ತಾನಾಗಿ ಹೋಗುತ್ತವೆ. ಮೈತುಂಬ ಹರಡಿದರೆ, ಅದರಲ್ಲೂ ವಯಸ್ಸಾದ ನಾಯಿಗೆ ಹೊಸದಾಗಿ ಬಂದರೆ, ಒಳಗೆ ಬೇರೆ ಕಾಯಿಲೆ ಇದೆಯೇ ಎಂದು ಹುಡುಕಬೇಕು. ಇದು ಮನುಷ್ಯರಿಗೂ ಅಂಟುವುದಿಲ್ಲ, ಪಕ್ಕದ ಮನೆಯ ನಾಯಿಗೂ ಅಂಟುವುದಿಲ್ಲ. ಮರಿಯನ್ನು ತಂದು ವಾರವಾಗುವುದರೊಳಗೆ "ಕಜ್ಜಿ ಬಂದಿದೆ, ಮಕ್ಕಳಿಗೆ ಹತ್ತುತ್ತದೆ" ಎಂದು ಊರಾಚೆ ಬಿಟ್ಟುಬರುವವರು ಈ ಮಾತನ್ನು ಕೇಳಿಸಿಕೊಳ್ಳಬೇಕು.

ಇವೆರಡನ್ನೂ ಬೇರ್ಪಡಿಸುವ ಪರೀಕ್ಷೆ ತೀರ ಅಗ್ಗದ್ದು. ಬ್ಲೇಡಿನಿಂದ ಚರ್ಮವನ್ನು ರಕ್ತ ಜಿನುಗುವಷ್ಟು ಕೆರೆದು, ಎಣ್ಣೆಯ ಹನಿಯಲ್ಲಿ ಗಾಜಿನ ಪಟ್ಟಿಯ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಷ್ಟೇ. ಬೋಳು ಚಿಕ್ಕೆ ಇರುವ ನಾಯಿಗೆ ಇದನ್ನು ಮಾಡದೆ ಸ್ಟೀರಾಯ್ಡ್ ಚುಚ್ಚಿಸಬಾರದು. ಡೆಮೊಡೆಕ್ಸ್ ಇರುವ ನಾಯಿಗೆ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುವ "ತುರಿಕೆ ಇಂಜೆಕ್ಷನ್" ಕೊಟ್ಟರೆ ಒಂದು ಚಿಕ್ಕೆ ಹೋಗಿ ಇಡೀ ಮೈಯೇ ಚಿಕ್ಕೆಯಾಗುತ್ತದೆ. ಗುಣವಾದಂತೆ ಕಂಡ ಮೇಲೂ ತಿಂಗಳ ಅಂತರದಲ್ಲಿ ಎರಡು ಬಾರಿ ಕೆರೆದು ನೋಡಿ, ಎರಡರಲ್ಲೂ ಹುಳ ಇಲ್ಲವೆಂದ ಮೇಲೆಯೇ ಔಷಧ ನಿಲ್ಲಿಸುವುದು ರೂಢಿ.

ಹಳ್ಳಿಗಳಲ್ಲಿ ಈ ಪರೀಕ್ಷೆಯ ಜಾಗದಲ್ಲಿ ಬರುವುದು ದನದ ಹುಳಕ್ಕೆಂದು ತಂದಿಟ್ಟ ಐವರ್‌ಮೆಕ್ಟಿನ್ ಬಾಟಲಿ. ಔಷಧ ದೊಡ್ಡದೇ, ಅದನ್ನು ಕಂಡುಹಿಡಿದ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಶೇಕಡಾ ಒಂದರ ಆ ದ್ರಾವಣದ ಒಂದು ಮಿಲಿಲೀಟರ್ 50 ಕಿಲೋ ತೂಕದ ದನಕ್ಕೆ ಲೆಕ್ಕ ಹಾಕಿದ್ದು. ಹತ್ತು ಕಿಲೋದ ನಾಯಿಗೆ "ಒಂದು ಎಂ.ಎಲ್. ಹಾಕಿ" ಎಂದರೆ ಐದು ಪಟ್ಟು. ಕೋಲಿ, ಶೆಟ್‌ಲ್ಯಾಂಡ್ ಕುರಿನಾಯಿಯಂಥ ತಳಿಗಳಲ್ಲಿ ಇನ್ನೊಂದು ತೊಡಕಿದೆ. ಔಷಧ ಮಿದುಳಿಗೆ ಹೋಗದಂತೆ ತಡೆಯುವ ಪ್ರೋಟೀನನ್ನು ಮಾಡುವ ವಂಶವಾಹಿ ಅವುಗಳಲ್ಲಿ ಹಲವಕ್ಕೆ ಕೆಟ್ಟಿರುತ್ತದೆ. ಕಜ್ಜಿಗೆ ಕೊಡುವ ಪ್ರಮಾಣದಲ್ಲಿ ತೂರಾಟ, ಕುರುಡು, ಸಾವು. ಬೆರಕೆ ನಾಯಿಯ ಅಜ್ಜ ಯಾರೆಂದು ಯಾರು ಬಲ್ಲರು? ಕಜ್ಜಿಹುಳ, ಉಣ್ಣಿಗೆಂದು ಮೈಗೆ ಹಚ್ಚುವ ಅಮಿಟ್ರಾಜ್ ದ್ರಾವಣವೂ ಅಷ್ಟೇ, ಅಳತೆ ತಪ್ಪಿದರೆ ವಿಷ. ಇನ್ನು ಗ್ಯಾರೇಜಿನಿಂದ ತಂದು ಬಳಿಯುವ ಸುಟ್ಟ ಎಂಜಿನ್ ಆಯಿಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಒಳಗನ್ನೂ ಕೆಡಿಸುತ್ತದೆ. ಯಾರು ಹೇಳಿದರೂ ಬೇಡ.

ಹುಳುಕಡ್ಡಿ ದುಂಡಗೆ, ಅಂಚಿನಲ್ಲಿ ಹೊಟ್ಟು ಕಟ್ಟಿಕೊಂಡು ಬರುತ್ತದೆ, ಮಕ್ಕಳಿಗೂ ಅಂಟುತ್ತದೆ. ನೇರಳೆ ಬೆಳಕಿನ ದೀಪದಲ್ಲಿ ಹಸಿರಾಗಿ ಹೊಳೆದರೆ ಒಂದು ಸುಳಿವು, ಹೊಳೆಯದಿದ್ದರೆ ಇಲ್ಲವೆಂದು ಅರ್ಥವಲ್ಲ. ಗಟ್ಟಿ ಉತ್ತರ ಬೇಕೆಂದರೆ ಕೂದಲನ್ನು ಶಿಲೀಂಧ್ರ ಬೆಳೆಸುವ ಪರೀಕ್ಷೆಗೆ ಕಳುಹಿಸಬೇಕು. ಮಲಾಸೀಜಿಯಾ ಯೀಸ್ಟಿನ ಗುರುತು ಮೂಗಿಗೇ ಗೊತ್ತಾಗುತ್ತದೆ: ಜಿಡ್ಡು, ಹುಳಿ ಹಿಡಿದ ವಾಸನೆ, ಕಪ್ಪಗೆ ದಪ್ಪವಾದ ಕಂಕುಳು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್‌ಗಳ ದಟ್ಟ ಒಳಗೂದಲು ಒಣಗುವುದೇ ಇಲ್ಲ. ಬೆಳಿಗ್ಗೆ ಇಲ್ಲದ ಹಸಿ ಹುಣ್ಣು ಸಂಜೆಗೆ ಕೆನ್ನೆಯ ಮೇಲೋ ತೊಡೆಯ ಮೇಲೋ ಕಾಣಿಸಿಕೊಳ್ಳುತ್ತದೆ. ಸುತ್ತಲಿನ ಕೂದಲನ್ನು ಕತ್ತರಿಸಿ ಗಾಳಿಯಾಡುವಂತೆ ಮಾಡುವುದು, ತೊಳೆದು ಒಣಗಿಸುವುದು, ನೆಕ್ಕದಂತೆ ಕೊರಳಿಗೆ ಲಾಳಿಕೆಯಾಕಾರದ ಪಟ್ಟಿ ಹಾಕುವುದು ಮೊದಲ ಚಿಕಿತ್ಸೆ. ಅದರ ಮೇಲೆ ಎಣ್ಣೆ, ಅರಿಸಿನ ಮೆತ್ತಿದರೆ ಗಾಳಿಯೇ ಹೋಗುವುದಿಲ್ಲ. ಮಳೆಗಾಲದ ಗಾಯಕ್ಕೆ ನೊಣ ಕೂತು ಹುಳ ಬಿದ್ದರೆ ಮನೆಯ ಮದ್ದಿನ ಹಂತ ಮುಗಿಯಿತು, ಆಸ್ಪತ್ರೆಗೆ ಒಯ್ಯಿರಿ.

ಸೋಂಕು ಇಳಿಸುವಲ್ಲಿ ಶ್ಯಾಂಪೂವಿನ ಪಾತ್ರ ಆ್ಯಂಟಿಬಯಾಟಿಕ್‌ಗಿಂತ ಕಡಿಮೆಯಲ್ಲ. ಮೇಲ್ಪದರದ ಸೋಂಕಿಗೆ ಅನೇಕ ವೇಳೆ ಶ್ಯಾಂಪೂ ಒಂದೇ ಸಾಕಾಗುತ್ತದೆ. ಕ್ಲೋರ್‌ಹೆಕ್ಸಿಡಿನ್ ಇರುವುದು ಬ್ಯಾಕ್ಟೀರಿಯಾಕ್ಕೆ; ಜೊತೆಗೆ ಮೈಕೊನಜೋಲ್ ಸೇರಿದ್ದು ಯೀಸ್ಟಿಗೂ. ಜನ ತಪ್ಪುವುದು ಸಮಯದಲ್ಲಿ. ನೊರೆ ಮೈಮೇಲೆ ಹತ್ತು ನಿಮಿಷ ನಿಲ್ಲಬೇಕು. ಹಚ್ಚಿದ ಕೂಡಲೇ ತೊಳೆದರೆ ಔಷಧ ಬಚ್ಚಲ ಪಾಲು. ನಂತರ ಚೆನ್ನಾಗಿ ತೊಳೆಯಬೇಕು. ನಲ್ಲಿ ನೀರು ದಿನಗಟ್ಟಲೆ ಬಾರದ ನಮ್ಮ ಬಡಾವಣೆಗಳಲ್ಲಿ ಎಡವುವುದು ಇಲ್ಲೇ. ಎರಡು ಬಕೆಟ್‌ನಲ್ಲಿ ದೊಡ್ಡ ನಾಯಿಯ ನೊರೆ ಹೋಗುವುದಿಲ್ಲ, ಉಳಿದ ಶ್ಯಾಂಪೂವೇ ತುರಿಕೆ ತರುತ್ತದೆ. ಮೈಯೆಲ್ಲ ತೊಳೆಯಲು ನೀರಿಲ್ಲದ ದಿನ ಹೊಟ್ಟೆ, ಪಾದ, ಕಂಕುಳು ಮಾತ್ರ ತೊಳೆದರೂ ಲಾಭವಿದೆ. ಬಟ್ಟೆ ಸೋಪು, ನೆಲ ಒರೆಸುವ ನಂಜುನಿವಾರಕ ಬೇಡವೇ ಬೇಡ. ಆ್ಯಂಟಿಬಯಾಟಿಕ್ ಬರೆದುಕೊಟ್ಟರೆ ಹೇಳಿದಷ್ಟು ದಿನ ಕೊಡಿ. ಎರಡು ಮೂರು ವಾರ ಎಂದದ್ದನ್ನು ಐದನೆಯ ದಿನಕ್ಕೆ ನಿಲ್ಲಿಸುವುದರಿಂದ ಮುಂದಿನ ಸಲ ಅದೇ ಔಷಧ ಕೈಕೊಡುವ ಸಾಧ್ಯತೆ ಹೆಚ್ಚುತ್ತದೆ.

ಹುಳ ಹೋಯಿತು, ಸೋಂಕು ಇಳಿಯಿತು, ಆದರೂ ಪಾದ ನೆಕ್ಕುತ್ತಿದೆ. ಅಲರ್ಜಿಗೆ ಬಂದೆವು. ಗಾಳಿಯಲ್ಲಿನ ಪರಾಗ, ಮನೆಯ ದೂಳಿನ ಹುಳ ಇವುಗಳಿಂದ ಬರುವ ಅಲರ್ಜಿ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದ ವಯಸ್ಸಿನೊಳಗೆ ಶುರುವಾಗುತ್ತದೆ. ಪರಾಗದ್ದಾದರೆ ವರ್ಷದ ಕೆಲವು ತಿಂಗಳಲ್ಲಿ ಏರುತ್ತದೆ, ಇಳಿಯುತ್ತದೆ. ವರ್ಷವಿಡೀ ಒಂದೇ ಸಮ ಇದ್ದರೆ ಆಹಾರವನ್ನೂ ಅನುಮಾನಿಸಬೇಕು. ದನದ ಮಾಂಸ, ಹಾಲು, ಕೋಳಿ, ಗೋಧಿ ನಾಯಿಗಳಲ್ಲಿ ಹೆಚ್ಚಾಗಿ ಕಂಡ ಕಾರಣಗಳು. ಇದಕ್ಕೆ ನಂಬಬಹುದಾದ ರಕ್ತ ಪರೀಕ್ಷೆ ಇಲ್ಲ. ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನು, ಅಥವಾ ವೈದ್ಯರು ಬರೆದುಕೊಡುವ ಒಡೆದ ಪ್ರೋಟೀನಿನ ಆಹಾರ, ಎಂಟು ವಾರ ಅದನ್ನಷ್ಟೇ ಕೊಡಬೇಕು. ಗುಣ ಕಂಡರೆ ಹಳೆಯ ಊಟ ಮತ್ತೆ ಕೊಟ್ಟು, ತುರಿಕೆ ಮರಳುತ್ತದೆಯೇ ನೋಡಬೇಕು. ಕೇಳಲು ಸರಳ. ಆದರೆ ತುಂಬಿದ ಮನೆಯಲ್ಲಿ ಅಜ್ಜಿ ಹಾಲಿನಲ್ಲಿ ಅದ್ದಿದ ಚಪಾತಿ ಹಾಕುತ್ತಾಳೆ, ಮೊಮ್ಮಗ ಪೇಡದ ಚೂರು ಜಾರಿಸುತ್ತಾನೆ, ಎಂಟು ವಾರದ ಲೆಕ್ಕ ಮೊದಲಿಂದ. ಪರೀಕ್ಷೆ ಆರಂಭಿಸುವ ಮೊದಲು ಮನೆಮಂದಿಯನ್ನೆಲ್ಲ ಕೂರಿಸಿ ಹೇಳದಿದ್ದರೆ ಆರಂಭಿಸುವುದೇ ವ್ಯರ್ಥ.

ಪರಾಗ, ದೂಳಿನ ಅಲರ್ಜಿ ಗುಣವಾಗುವ ಕಾಯಿಲೆಯಲ್ಲ, ಹಿಡಿತದಲ್ಲಿಡುವಂಥದ್ದು. ಕಾಂಗ್ರೆಸ್ ಕಸ ಬೆಳೆದ ಖಾಲಿ ನಿವೇಶನದಲ್ಲಿ ಓಡಾಡಿ ಬಂದ ನಾಯಿಯ ಪಾದ, ಹೊಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಚಿಕ್ಕ ಕೆಲಸ, ಉಪಯೋಗ ದೊಡ್ಡದು. ಓಕ್ಲಾಸಿಟಿನಿಬ್ ಎಂಬ ಮಾತ್ರೆ ತುರಿಕೆಯ ಸಂಕೇತವನ್ನೇ ತಡೆಯುತ್ತದೆ. ವರ್ಷ ತುಂಬದ ನಾಯಿಗೆ, ಗಂಭೀರ ಸೋಂಕಿರುವ ನಾಯಿಗೆ ಅದನ್ನು ಕೊಡುವುದಿಲ್ಲ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೂಡ ಅಸ್ಪೃಶ್ಯವಲ್ಲ. ಕಾರಣ ತಿಳಿದ ಮೇಲೆ, ಕಡಿಮೆ ದಿನ, ಮಾತ್ರೆಯ ರೂಪದಲ್ಲಿ ಕೊಟ್ಟರೆ ಒಳ್ಳೆಯ ಔಷಧವೇ. ಹೆಚ್ಚು ನೀರು ಕುಡಿಯುವುದು, ಹೆಚ್ಚು ಉಚ್ಚೆ, ತಣಿಯದ ಹಸಿವು ಅದರ ಗುಣ. ಬಹಳ ದಿನ ಕೊಟ್ಟಿದ್ದನ್ನು ಥಟ್ಟನೆ ನಿಲ್ಲಿಸಬಾರದು, ಹಂತಹಂತವಾಗಿ ಇಳಿಸಬೇಕು.

ತುರಿಕೆಯೇ ಇಲ್ಲದೆ ಮೈಯ ಎರಡೂ ಬದಿ ಸಮನಾಗಿ ಕೂದಲು ಹೋದರೆ, ನಾಯಿ ಮಂಕಾಗಿ ದಪ್ಪವಾಗುತ್ತಿದ್ದರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೊಟ್ಟೆ ಜೋತು, ಚರ್ಮ ತೆಳುವಾಗಿ, ನೀರು ಅತಿಯಾಗಿ ಕುಡಿಯುತ್ತಿದ್ದರೆ ಕುಶಿಂಗ್ ಎಂಬ ಹಾರ್ಮೋನು ರೋಗದ ಅನುಮಾನ. ಮತ್ತೆ, ಬೇಸಿಗೆ ಬಂತೆಂದು ಪಾಮೇರಿಯನ್ ಥರದ ದಟ್ಟ ಕೂದಲಿನ ನಾಯಿಯನ್ನು ಬುಡಕ್ಕೆ ಬೋಳಿಸುವವರಿದ್ದಾರೆ. ಕೆಲವು ನಾಯಿಗಳಿಗೆ ಆ ಕೂದಲು ತಿಂಗಳುಗಟ್ಟಲೆ ಮರಳುವುದಿಲ್ಲ. ಬಾಚಿ ಸತ್ತ ಒಳಗೂದಲು ತೆಗೆದರೆ ಸಾಕು.

ಊಟದ ಮಾತು ಆಡದೆ ಕೂದಲಿನ ಮಾತು ಮುಗಿಯುವುದಿಲ್ಲ. ಕೂದಲೆಂದರೆ ಬಹುತೇಕ ಪ್ರೋಟೀನೇ. ನಾಯಿ ತಿನ್ನುವ ಪ್ರೋಟೀನಿನ ದೊಡ್ಡ ಪಾಲು ಚರ್ಮಕ್ಕೂ ಕೂದಲಿಗೂ ಹೋಗುತ್ತದೆ. ಜೋಳದ ರೊಟ್ಟಿ ಮತ್ತು ನೀರು ಬೆರೆಸಿದ ಹಾಲಿನ ಮೇಲೆ ಬೆಳೆದ ನಾಯಿಯ ಕೂದಲು ಒರಟಾಗಿ, ಬಣ್ಣಗೆಟ್ಟು ನಿಲ್ಲುವುದು ಅದಕ್ಕೇ. ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಜೊತೆಗೆ ಧಾನ್ಯದಲ್ಲಿರುವ ಫೈಟೇಟು ಎಂಬ ಅಂಶ ಸತುವನ್ನು ಹೀರದಂತೆ ಹಿಡಿಯುತ್ತದೆ. ಬರೀ ಧಾನ್ಯ ತಿನ್ನುವ ಮರಿಗಳಿಗೆ ಕಣ್ಣು, ಬಾಯಿಯ ಸುತ್ತ ಹಕ್ಕಳೆ ಕಟ್ಟುವುದು ಈ ಕೊರತೆಯಿಂದಲೂ ಇರಬಹುದು. ಬೇಯಿಸಿದ ಮೊಟ್ಟೆ ಮನೆಗೆ ಬರುವುದಾದರೆ ಅದಕ್ಕಿಂತ ಸುಲಭ ಉಪಾಯ ಇಲ್ಲ. ಬಾರದ ಮನೆಗಳಲ್ಲಿ ನಾಯಿಗೆಂದೇ ಮಾಡಿದ ಸಮತೋಲನದ ಆಹಾರ ಕೊಡುವುದು ಮೇಲು. ಎಣ್ಣೆಯ ವಿಷಯದಲ್ಲಿ ನಮ್ಮ ಭಾಗ ಅದೃಷ್ಟವಂತ. ಗಾಣದ ಕುಸುಬಿ ಎಣ್ಣೆಯಲ್ಲಿ ಚರ್ಮದ ತಡೆಗೋಡೆಗೆ ಬೇಕಾದ ಲಿನೋಲಿಕ್ ಆಮ್ಲ ಹೇರಳ. ಮಧ್ಯಮ ಗಾತ್ರದ ನಾಯಿಗೆ ದಿನಕ್ಕೊಂದು ಚಹಾ ಚಮಚ ಊಟದಲ್ಲಿ ಬೆರೆಸಿದರೆ ಕೆಲವು ವಾರಗಳಲ್ಲಿ ಹೊಳಪು ಕಾಣುತ್ತದೆ; ಹೆಚ್ಚು ಹಾಕಿದರೆ ಭೇದಿ. ಅಗಸೆಯಲ್ಲಿ ಒಮೆಗಾ-3 ಇದೆ, ಆದರೆ ನಾಯಿಯ ದೇಹ ಅದನ್ನು ಉಪಯೋಗವಾಗುವ ರೂಪಕ್ಕೆ ತಿರುಗಿಸುವುದು ಅಲ್ಪ. ಉರಿಯೂತ ಇಳಿಸಬೇಕಿದ್ದರೆ ಮೀನೆಣ್ಣೆಯೇ ಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಸಾರು ಮಾತ್ರ ನಾಯಿಯ ರಕ್ತಕಣಗಳಿಗೆ ವಿಷ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ನಾಯಿಗೆ ಸ್ನಾನ ಮಾಡಿಸಬೇಡಿ. ಮರ್ಯಾದೆಗೆಂದು ತೊಳೆದು ಬಾಚಿ ಒಯ್ದರೆ ಹಕ್ಕಳೆ, ಜಿಡ್ಡು, ಚಿಗಟದ ಹಿಕ್ಕೆ ಎಲ್ಲ ಹೋಗಿ ವೈದ್ಯರಿಗೆ ನೋಡಲು ಏನೂ ಉಳಿದಿರುವುದಿಲ್ಲ. ಕೊಟ್ಟ ಮದ್ದುಗಳನ್ನೆಲ್ಲ, ಪಕ್ಕದ ಮನೆಯವರು ಹೇಳಿದ್ದನ್ನೂ ಸೇರಿಸಿ, ಸಂಕೋಚವಿಲ್ಲದೆ ಹೇಳಿ. ತುರಿಕೆ ಎಷ್ಟಿದೆ ಎಂದು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಂಡರೆ ಇನ್ನೂ ಒಳ್ಳೆಯದು. ಆಸ್ಪತ್ರೆಯ ಅಂಗಳದಲ್ಲಿ ಹೆದರಿದ ನಾಯಿ ಕೆರೆಯುವುದನ್ನೇ ಮರೆತಿರುತ್ತದೆ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ತೋರಿಸಿಯೂ ಹಿಡಿತಕ್ಕೆ ಬಾರದಿದ್ದರೆ ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಅಲ್ಲಿಗೆ ಒಯ್ದು ಕೇಳಬಹುದು. ಮನೆಯ ಮಕ್ಕಳಿಗೂ ಅದೇ ಹೊತ್ತಿಗೆ ಕೆಂಪು ಗುಳ್ಳೆ, ದುಂಡು ಕಲೆ ಎದ್ದಿದ್ದರೆ ಪಶುವೈದ್ಯರಿಗೂ ಹೇಳಿ, ಮಕ್ಕಳ ವೈದ್ಯರಿಗೂ ಮನೆಯಲ್ಲಿ ನಾಯಿ ಇದೆಯೆಂದು ಹೇಳಿ.